ಡ್ರಮ್ಮು ತಿರುಗಿಸಿದವರೇ ಅಚ್ಚು ಹಾಕಿಸಿದರು

ಫಿಸಿಯಾಲಜಿ ಪತ್ರಿಕೆಗಳ ಚರಿತ್ರೆಯನ್ನು ದೀಪದ ಮಸಿಯಿಂದ ಶುರು ಮಾಡಬೇಕು ಅನ್ನುವುದು ನನ್ನ ವಾದ. ನನ್ನ ಓರಗೆಯ ಮೇಷ್ಟ್ರುಗಳಿಗೆ ಇದನ್ನು ವಿವರಿಸಬೇಕಿಲ್ಲ. ನುಣುಪಾದ ಬಿಳಿ ಕಾಗದವನ್ನು ಲೋಹದ ಡ್ರಮ್ಮಿಗೆ ಬಿಗಿಯಾಗಿ ಸುತ್ತಿ, ಅಂಚಿಗೆ ಅಂಟು ಹಚ್ಚಿ, ಹೊಗೆ ಕಾರುವ ಉರಿಯ ಮೇಲೆ ಹಿಡಿದು ತಿರುಗಿಸುತ್ತಿದ್ದ ಕಾಲ ಅದು. ನಮ್ಮ ಪ್ರಾಕ್ಟಿಕಲ್ ಹಾಲಿನಲ್ಲಿ ಆ ಹದ ಗೊತ್ತಿದ್ದದ್ದು ಪ್ರೊಫೆಸರಿಗಲ್ಲ, ಅಟೆಂಡರಿಗೆ. ಮಸಿ ದಪ್ಪವಾದರೆ ಸೂಜಿ ತಡವರಿಸುತ್ತದೆ, ತೆಳುವಾದರೆ ಗೆರೆ ಕಾಣುವುದಿಲ್ಲ. ಹದ ಸರಿಯಿದ್ದರೆ ಕಪ್ಪೆಯ ಕಾಲಿನ ಸ್ನಾಯು ಒಮ್ಮೆ ಸೆಟೆದು ಸಡಿಲವಾದದ್ದು ಕಪ್ಪಿನ ಮೇಲೆ ಬಿಳಿಯ ಗೆರೆಯಾಗಿ ಮೂಡುತ್ತಿತ್ತು. ಕಾಗದವನ್ನು ಕತ್ತರಿಸಿ ಬಿಡಿಸಿ, ವಾರ್ನಿಷ್ ತಟ್ಟೆಯಲ್ಲಿ ಅದ್ದಿ, ದಾರಕ್ಕೆ ನೇತುಹಾಕಿ ಒಣಗಿಸಿ, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದರೆ ಹುಡುಗರ ಆ ದಿನದ ಕೆಲಸ ಮುಗಿಯಿತು. ಏಪ್ರನ್ ತೊಳೆಯುವ ಅಮ್ಮಂದಿರ ಕೆಲಸ ಶುರುವಾಯಿತು.

ಈ ಯಂತ್ರದ ಹೆಸರು ಕೈಮೋಗ್ರಾಫ್. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕಾರ್ಲ್ ಲುಡ್ವಿಗ್ ಇದನ್ನು ಕಟ್ಟಿದ. ಇದರಿಂದ ಸಿಕ್ಕ ಗೆರೆಗಳನ್ನು 1847ರಲ್ಲಿ ಯೋಹಾನೆಸ್ ಮ್ಯುಲರ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಪ್ರಕಟಿಸಿದ. ಪ್ರಾಣಿಯ ರಕ್ತನಾಳಕ್ಕೆ ಪಾದರಸದ ಕೊಳವೆಯನ್ನು ಜೋಡಿಸುವುದು, ಪಾದರಸದ ಮೇಲೊಂದು ಕಡ್ಡಿಯನ್ನು ತೇಲಿಬಿಡುವುದು, ಕಡ್ಡಿಯ ತುದಿ ತಿರುಗುವ ಕಾಗದದ ಮೇಲೆ ಬರೆಯುವಂತೆ ಮಾಡುವುದು. ಇಷ್ಟೇ. ಆದರೆ ಈ ಇಷ್ಟರಿಂದ ಪ್ರಬಂಧ ಬರೆಯುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಲೇಖಕ ತಾನು ಕಂಡದ್ದನ್ನು ಮಾತಿನಲ್ಲಿ ಹೇಳಬೇಕಿತ್ತು, ಓದುಗ ನಂಬಬೇಕಿತ್ತು. ಈಗ ಓದುಗ ತನ್ನ ಮೇಜಿನ ಮೇಲೆ ಪತ್ರಿಕೆಯನ್ನು ಹರಡಿ, ಅಳತೆಪಟ್ಟಿ ಇಟ್ಟು, ಲೇಖಕ ಹೇಳಿದ್ದು ಗೆರೆಯಲ್ಲಿ ಇದೆಯೋ ಇಲ್ಲವೋ ನೋಡಬಹುದಾಯಿತು. ಗೆರೆಯ ಕೆಳಗೆ ಸಮಯದ ಗುರುತು, ಎಲ್ಲಿ ವಿದ್ಯುತ್ ಕೊಟ್ಟರೆಂಬ ಗುರುತು, ಎಡದಿಂದ ಬಲಕ್ಕೆ ಓದಬೇಕೆಂಬ ಸೂಚನೆ. ಫಿಸಿಯಾಲಜಿ ಪ್ರಬಂಧದ ಚಿತ್ರಕ್ಕೆ ಇವತ್ತಿಗೂ ಇರುವ ಅಂಗಾಂಗಗಳೆಲ್ಲ ಆಗಲೇ ಬಂದವು.

ಲುಡ್ವಿಗ್ ಮುಂದೆ ಲೈಪ್‌ಜಿಗ್‌ಗೆ ಹೋದ. 1869ರಲ್ಲಿ ಅಲ್ಲಿ ಅವನಿಗಾಗಿ ಕಟ್ಟಿದ ಸಂಸ್ಥೆಗೆ ರಷ್ಯದಿಂದ, ಅಮೆರಿಕದಿಂದ, ಇಂಗ್ಲೆಂಡಿನಿಂದ ಹುಡುಗರು ಬಂದರು. ಪಾವ್ಲೊವ್ ಕೂಡ ಅಲ್ಲಿ ಕೆಲಸ ಮಾಡಿದವನೇ. ಈ ಮನುಷ್ಯನ ಒಂದು ಪದ್ಧತಿಯನ್ನು ನಮ್ಮ ಪಿಎಚ್‌ಡಿ ಗೈಡುಗಳು ಕೇಳಿದರೆ ಬೆಚ್ಚಿಬೀಳುತ್ತಾರೆ. ಯೋಚನೆ ಅವನದು, ಪ್ರಯೋಗದಲ್ಲಿ ಅವನ ಕೈ, ಎಷ್ಟೋ ಸಲ ಬರವಣಿಗೆಯೂ ಅವನದೇ. ಆದರೆ ಪ್ರಬಂಧದ ಮೇಲಿನ ಹೆಸರು ಹುಡುಗನೊಬ್ಬನದೇ. ಹೃದಯದ ಸ್ನಾಯು ಪ್ರಚೋದನೆಗೆ ಪೂರ್ತಿ ಮಿಡಿಯುತ್ತದೆ, ಇಲ್ಲವೇ ಮಿಡಿಯುವುದೇ ಇಲ್ಲ ಎಂಬುದನ್ನು ನಾವು ಬೌಡಿಚ್ ಹೆಸರಿನಲ್ಲಿ ಕಲಿಸುತ್ತೇವೆ. ಬಾಸ್ಟನ್ನಿನ ಹೆನ್ರಿ ಬೌಡಿಚ್ 1871ರಲ್ಲಿ ಅದನ್ನು ಪ್ರಕಟಿಸಿದ್ದು ಲೈಪ್‌ಜಿಗ್‌ನಲ್ಲಿ, ಲುಡ್ವಿಗ್‌ನ ನೆರಳಿನಲ್ಲಿ.

ಆ ಹೊತ್ತಿಗೆ ಜರ್ಮನ್ ಭಾಷೆಯಲ್ಲಿ ಫಿಸಿಯಾಲಜಿಯ ಪತ್ರಿಕೆಗಳಿಗೆ ಬರವಿರಲಿಲ್ಲ. ಬಾನ್‌ನಲ್ಲಿ ಎಡ್ವಾರ್ಡ್ ಫ್ಲ್ಯೂಗರ್ 1868ರಲ್ಲಿ ಶುರು ಮಾಡಿದ್ದು ಇಂದಿಗೂ ಅವನ ಹೆಸರಿನಲ್ಲೇ ಬರುತ್ತಿದೆ. ಇಂಗ್ಲಿಷಿನಲ್ಲಿ ಮಾತ್ರ ಈ ಶಾಸ್ತ್ರಕ್ಕೆಂದೇ ಒಂದು ಪತ್ರಿಕೆ ಇರಲಿಲ್ಲ. ಅಂಗರಚನೆಯವರ ಮನೆಯಲ್ಲಿ ಒಂದು ಮೂಲೆ ಕೇಳಿಕೊಂಡು ಇರಬೇಕಿತ್ತು.

1876ರಲ್ಲಿ ಬ್ರಿಟನ್ನಿನ ಫಿಸಿಯಾಲಜಿಯವರು ಒಂದು ಸಂಘ ಕಟ್ಟಿಕೊಂಡರು. ಕಟ್ಟಿದ್ದು ವಿದ್ಯಾಪ್ರೇಮದಿಂದಷ್ಟೇ ಅಲ್ಲ, ಭಯದಿಂದಲೂ. ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಅದೇ ವರ್ಷ ಬಂತು. ಅಚ್ಚಾದದ್ದು ಕೋರ್ಟಿಗೂ ಹೋಗಬಹುದೆಂದು ಐದೇ ವರ್ಷದಲ್ಲಿ ಗೊತ್ತಾಯಿತು. 1881ರ ಲಂಡನ್ ವೈದ್ಯಕೀಯ ಸಮ್ಮೇಳನದಲ್ಲಿ ಡೇವಿಡ್ ಫೆರಿಯರ್ ಮಂಗಗಳ ಮಿದುಳಿನ ಪ್ರಯೋಗವನ್ನು ತೋರಿಸಿದ. ವೈದ್ಯಕೀಯ ವಾರಪತ್ರಿಕೆಗಳಲ್ಲಿ ವರದಿ ಬಂತು. ಪ್ರಾಣಿಪ್ರಯೋಗದ ವಿರೋಧಿಗಳು ಆ ವರದಿಗಳನ್ನೇ ಹಿಡಿದು, ಈತನಿಗೆ ಲೈಸೆನ್ಸ್ ಇರಲಿಲ್ಲ ಎಂದು ಕೇಸು ಹಾಕಿದರು. ಶಸ್ತ್ರಕ್ರಿಯೆ ಮಾಡಿದ್ದು ಲೈಸೆನ್ಸ್ ಇದ್ದ ಜೆರಾಲ್ಡ್ ಯಿಯೋ ಎಂದು ವಿಚಾರಣೆಯಲ್ಲಿ ಹೊರಬಿದ್ದು ಕೇಸು ಬಿದ್ದುಹೋಯಿತು. ಪ್ರಯೋಗವನ್ನು ಯಾರು ಮಾಡಿದರು, ಅರಿವಳಿಕೆ ಕೊಟ್ಟರೋ ಇಲ್ಲವೋ ಎಂಬುದನ್ನು ವಿಧಾನದ ಭಾಗದಲ್ಲಿ ಕಟ್ಟುನಿಟ್ಟಾಗಿ ಬರೆಯುವ ಶಿಸ್ತಿಗೆ ವಿಜ್ಞಾನದ ಜೊತೆ ವಕೀಲರ ಋಣವೂ ಇದೆ ಎಂದು ನಾನು ನಂಬಿದ್ದೇನೆ.

ಸಂಘಕ್ಕೆ ಪತ್ರಿಕೆ ಇರಲಿಲ್ಲ. 1878ರಲ್ಲಿ 'ಜರ್ನಲ್ ಆಫ್ ಫಿಸಿಯಾಲಜಿ' ಹುಟ್ಟಿದಾಗ ಅದು ಕೇಂಬ್ರಿಜ್‌ನ ಮೈಕೆಲ್ ಫಾಸ್ಟರನ ಸ್ವಂತ ಸಾಹಸ. ಫಾಸ್ಟರ್ ತಾನೇ ದೊಡ್ಡ ಸಂಶೋಧಕನೇನಲ್ಲ. ಜನರನ್ನು ಹುಡುಕಿ ತರುವ, ಹುರಿದುಂಬಿಸುವ ಕಣ್ಣು ಅವನದು. ಬಿಡುವಿದ್ದಾಗ ಐರಿಸ್ ಹೂವಿನ ತಳಿಗಳನ್ನು ಬೆಳೆಸುತ್ತಿದ್ದ, ತೋಟಗಾರರ ಲೋಕದಲ್ಲಿ ಅವನ ಹೆಸರು ಉಳಿದಿರುವುದು ಅದಕ್ಕೇ. ಪತ್ರಿಕೆಯ ಮುಖಪುಟದಲ್ಲಿ ಅಮೆರಿಕದ ಬೌಡಿಚ್, ಮಾರ್ಟಿನ್, ವುಡ್ ಅವರ ಹೆಸರನ್ನೂ ಹಾಕಿಸಿದ. ಅಟ್ಲಾಂಟಿಕ್ ಆಚೆ ಇನ್ನೂ ಪತ್ರಿಕೆಯಿರಲಿಲ್ಲ, ಅಲ್ಲಿಯ ಬರಹಗಳೂ ಇಲ್ಲಿಗೇ ಬರಲಿ ಎಂಬ ಲೆಕ್ಕ.

ದುಡ್ಡು? ಅದು ಬಂದದ್ದು ಅವನ ಶಿಷ್ಯ ಡ್ಯೂ-ಸ್ಮಿತ್‌ನ ಜೇಬಿನಿಂದ. ಗುರುಶಿಷ್ಯರು ಸೇರಿ ಮೃದ್ವಂಗಿಗಳ ಹೃದಯದ ಮೇಲೆ ವಿದ್ಯುತ್ತಿನ ಪರಿಣಾಮ ಕುರಿತು ಪ್ರಬಂಧ ಬರೆದಿದ್ದರು. ಡ್ಯೂ-ಸ್ಮಿತ್ ಅನುಕೂಲಸ್ಥ, ಯಂತ್ರದ ಹುಚ್ಚಿನವನು, ಛಾಯಾಚಿತ್ರದ ಮೋಹದವನು. ಪತ್ರಿಕೆಯ ನಷ್ಟವನ್ನು ತುಂಬಿಕೊಡುತ್ತಲೇ 1881ರಲ್ಲಿ ಚಾರ್ಲ್ಸ್ ಡಾರ್ವಿನ್ನನ ಮಗ ಹೊರೇಸ್ ಜೊತೆ ಕೇಂಬ್ರಿಜ್ ಸೈಂಟಿಫಿಕ್ ಇನ್ಸ್‌ಟ್ರುಮೆಂಟ್ ಕಂಪನಿ ಕಟ್ಟಿದ. ಪ್ರಯೋಗಶಾಲೆಗೆ ಉಪಕರಣ ಮಾಡುವ ಆ ಕಂಪನಿಗೆ ಲಿಥೋ ಮುದ್ರಣದ ವಿಭಾಗವೂ ಇತ್ತು. 1891ರಲ್ಲಿ ಪಾಲುದಾರಿಕೆ ಮುರಿದಾಗ ಡಾರ್ವಿನ್ ಉಪಕರಣ ಇಟ್ಟುಕೊಂಡ, ಡ್ಯೂ-ಸ್ಮಿತ್ ಮುದ್ರಣ ಇಟ್ಟುಕೊಂಡ. ಇದನ್ನು ಮೊದಲು ಓದಿದಾಗ ನನಗೆ ಬಹಳ ಖುಷಿಯಾಗಿತ್ತು. ಗೆರೆ ಎಳೆಯುವ ಯಂತ್ರ, ಗೆರೆಯನ್ನು ಅಚ್ಚಿಗಿಳಿಸುವ ಕಲ್ಲು, ಅಚ್ಚಾದ ಪತ್ರಿಕೆಯ ಸಾಲ, ಮೂರೂ ಒಬ್ಬನ ತಲೆಯ ಮೇಲೆ!

ಆ ಪತ್ರಿಕೆಯ ಮೊದಲ ಸಂಪುಟಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಡ್ನಿ ರಿಂಗರ್‌ನ ಬರಹಗಳು. ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ ಪ್ರತಿಯೊಬ್ಬರ ರಕ್ತದಲ್ಲೂ ಈ ರಿಂಗರ್ ಹರಿದಿದ್ದಾನೆ. ನರ್ಸಮ್ಮ 'ಆರ್‌ಎಲ್ ಹಾಕಿ' ಅನ್ನುತ್ತಾರಲ್ಲ, ಅದರಲ್ಲಿನ ಮೊದಲ ಅಕ್ಷರ ಇವನದು. ಲಂಡನ್ನಿನ ವೈದ್ಯ ರಿಂಗರ್ ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿ ಎಷ್ಟು ಹೊತ್ತು ಬಡಿಸಬಹುದು ಎಂದು ನೋಡುತ್ತಿದ್ದ. ಸಾದಾ ಉಪ್ಪುನೀರಿನಲ್ಲೇ ಚೆನ್ನಾಗಿ ಬಡಿಯಿತು. ಪ್ರಕಟಿಸಿಯೂ ಬಿಟ್ಟ. ಆಮೇಲೆ ತಿಳಿಯಿತು: ದ್ರಾವಣ ಮಾಡಿದ್ದು ಬಟ್ಟಿ ಇಳಿಸಿದ ನೀರಿನಲ್ಲಲ್ಲ, ನ್ಯೂ ರಿವರ್ ವಾಟರ್ ಕಂಪನಿ ಪೂರೈಸುತ್ತಿದ್ದ ನಲ್ಲಿ ನೀರಿನಲ್ಲಿ. ಬಟ್ಟಿ ನೀರಿನಲ್ಲಿ ಮಾಡಿದರೆ ಹೃದಯ ಬೇಗನೆ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದುವರೆಗೆ ಸದ್ದಿಲ್ಲದೆ ಕೆಲಸ ಮಾಡಿತ್ತು.

ಹೃದಯಕ್ಕೆ ಕ್ಯಾಲ್ಸಿಯಂ ಬೇಕೆಂಬುದು ಹೀಗೆ ಗೊತ್ತಾಯಿತು. ಎಲ್ಲ ಪಠ್ಯಪುಸ್ತಕಗಳಲ್ಲೂ ಇಷ್ಟಿದೆ. ಪುಸ್ತಕಗಳು ಹೇಳದಿರುವುದು, ರಿಂಗರ್ 1883ರ ಪ್ರಬಂಧವನ್ನು ಆ ನಲ್ಲಿ ನೀರಿನ ಸಂಗತಿಯಿಂದಲೇ, ಕಂಪನಿಯ ಹೆಸರು ಸಮೇತ, ಶುರು ಮಾಡುತ್ತಾನೆ ಎಂಬುದು. ಕೊನೆಯಲ್ಲಿ ಅಡಿಟಿಪ್ಪಣಿಯಾಗಿ ತುರುಕಲಿಲ್ಲ. ಫಾಸ್ಟರ್ ಅದನ್ನು ಹಾಗೆಯೇ ಅಚ್ಚು ಹಾಕಿದ. ಪೋಸ್ಟ್‌ಗ್ರಾಜುಯೇಟ್ ಹುಡುಗರಿಗೆ ಪ್ರಬಂಧ ಬರೆಯುವುದು ಹೇಗೆಂದು ಹೇಳಿಕೊಡಬೇಕಾದಾಗಲೆಲ್ಲ ನಾನು ಈ ಪುಟದ ಝೆರಾಕ್ಸ್ ಕೊಡುತ್ತಿದ್ದೆ. ಕೆಲವರು ಓದಿದರು.

1894ರ ಹೊತ್ತಿಗೆ ಪತ್ರಿಕೆಯ ಸಾಲ ಏರಿತ್ತು. ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಅದನ್ನು ಸಾಲ ಸಮೇತ ವಹಿಸಿಕೊಂಡ. ಇವನೂ ಫಾಸ್ಟರನ ಶಿಷ್ಯನೇ, ಸ್ವಭಾವ ಮಾತ್ರ ತದ್ವಿರುದ್ಧ. ನಮ್ಮ ಇಚ್ಛೆಗೆ ಸಿಗದ ನರಮಂಡಲಕ್ಕೆ ಇಂದಿನ ಹೆಸರು ಕೊಟ್ಟವನು ಲ್ಯಾಂಗ್ಲಿ. ಔಷಧಿ ಅಂಟಿಕೊಳ್ಳುವ ತಾಣವೊಂದು ಜೀವಕೋಶದಲ್ಲಿ ಇರಬೇಕೆಂದು 1905ರಲ್ಲೇ ಹೇಳಿದವನು. ಹಿಮದ ಮೇಲೆ ಜಾರುವ ಸ್ಕೇಟಿಂಗಿನಲ್ಲಿ ನಿಪುಣ. ಸಂಪಾದಕನಾಗಿ ಅವನು ಕತ್ತರಿಯೇ. ಅನಗತ್ಯ ಪದ, ಊಹೆಯ ವಿಸ್ತಾರ, ತಾನೇ ಮೊದಲಿಗನೆಂಬ ಜಂಬ, ಯಾವುದನ್ನೂ ಬಿಡುತ್ತಿರಲಿಲ್ಲ. ತಿದ್ದಿ ವಾಪಸು ಕಳಿಸುವುದಷ್ಟೇ ಅಲ್ಲ, ಎಷ್ಟೋ ಪ್ರಬಂಧಗಳನ್ನು ತಾನೇ ಕೂತು ಹೊಸದಾಗಿ ಬರೆದುಬಿಡುತ್ತಿದ್ದ. ಸಿಟ್ಟಾದವರು ಬಹಳ ಮಂದಿ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಮೇದೋಜೀರಕ ಗ್ರಂಥಿಯನ್ನು ಸ್ರವಿಸುವಂತೆ ಮಾಡುವ ರಾಸಾಯನಿಕ ರಕ್ತದಲ್ಲಿ ಬರುತ್ತದೆಂದು 1902ರಲ್ಲಿ ತೋರಿಸಿದ್ದು ಈ ಪತ್ರಿಕೆಯಲ್ಲೇ. ಅಂಥ ಸಂಗತಿಯನ್ನು ಅಷ್ಟು ತಣ್ಣಗೆ ಹೇಳಿರುವುದರಲ್ಲಿ ಪತ್ರಿಕೆಯ ಗಾಳಿ ನನಗೆ ಕಾಣುತ್ತದೆ.

ಒಂದು ಮಾತು ಒಪ್ಪಬೇಕು: ಮೂವತ್ತೊಂದು ವರ್ಷ ಒಬ್ಬನೇ ಒಡೆಯ, ಒಬ್ಬನೇ ಸಂಪಾದಕ, ಒಬ್ಬನೇ ತೀರ್ಪುಗಾರ ಎಂದರೆ ಇವತ್ತು ಯಾವ ವಿಶ್ವವಿದ್ಯಾಲಯವೂ ಆ ಪತ್ರಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗಿನ ಇಬ್ಬರು ಪರಿಶೀಲಕರ ಸಹಿ ಬೇಕೆನ್ನುತ್ತದೆ. 1925ರಲ್ಲಿ ಲ್ಯಾಂಗ್ಲಿ ತೀರಿಕೊಂಡ ಮೇಲೆ ಸಂಘವು ಪತ್ರಿಕೆಯನ್ನು ಅವನ ವಿಧವೆಯಿಂದ ಕೊಂಡುಕೊಂಡಿತು. ಅಂದರೆ ಸಂಘ ಹುಟ್ಟಿ ಅರ್ಧ ಶತಮಾನದ ಮೇಲೆ, 1926ರಲ್ಲಿ, ಅದಕ್ಕೆ ಸ್ವಂತ ಪತ್ರಿಕೆ ಬಂತು. ಒಬ್ಬನ ಜಾಗಕ್ಕೆ ಮಂಡಳಿ ಬಂತು. ನರತಂತುವಿನ ವಿದ್ಯುತ್ತನ್ನು ಸಮೀಕರಣಕ್ಕೆ ಇಳಿಸಿದ ಹಾಜ್‌ಕಿನ್-ಹಕ್ಸ್‌ಲಿ ಪ್ರಬಂಧಗಳು 1952ರಲ್ಲಿ ಬಂದದ್ದು ಆ ಮಂಡಳಿಯ ಕಾಲದಲ್ಲಿ. ಮಂಡಳಿಯೂ ಕೆಟ್ಟದ್ದೇನಲ್ಲ ಅನ್ನಿ.

ಅಮೆರಿಕದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ ನಡೆಯಿತೆಂಬುದು ನನಗೆ ವಿಚಿತ್ರವೆನಿಸುತ್ತದೆ. ಅಲ್ಲಿ ಸಂಘ ಹುಟ್ಟಿದ್ದು 1887ರಲ್ಲಿ. 'ಅಮೆರಿಕನ್ ಜರ್ನಲ್ ಆಫ್ ಫಿಸಿಯಾಲಜಿ' ಬಂದದ್ದು 1898ರಲ್ಲಿ, ಹಾರ್ವರ್ಡಿನ ವಿಲಿಯಂ ಟೌನ್ಸೆಂಡ್ ಪೋರ್ಟರ್ ಎಂಬ ಬಿಗುವಿನ ಮನುಷ್ಯನ ಹೊಣೆಯಲ್ಲಿ. ನಷ್ಟ ಬಂದರೆ ತನ್ನದು ಎಂದು ಒಪ್ಪಿಕೊಂಡು 1914ರವರೆಗೆ ನಡೆಸಿ, ಆಮೇಲೆ ಸಂಘಕ್ಕೆ ಒಪ್ಪಿಸಿದ. ಇದೇ ಪೋರ್ಟರ್ 1901ರಲ್ಲಿ ಹಾರ್ವರ್ಡ್ ಅಪ್ಪರೇಟಸ್ ಕಂಪನಿ ಶುರು ಮಾಡಿದ್ದು. ವಿದ್ಯಾರ್ಥಿಗಳು ಕೈಯಾರೆ ಪ್ರಯೋಗ ಮಾಡಬೇಕು, ಜರ್ಮನಿಯ ಉಪಕರಣಗಳ ಬೆಲೆಗೆ ಅದು ಆಗದು, ಆದ್ದರಿಂದ ಅಗ್ಗದ ಕೈಮೋಗ್ರಾಫನ್ನು ನಾವೇ ಮಾಡೋಣ ಎಂಬ ಹಠ. ಮುಂದೆ ಎಳೆಯ ಸಂಶೋಧಕರಿಗೆ ಅವನ ಹೆಸರಿನಲ್ಲಿ ಫೆಲೋಶಿಪ್ಪೂ ಬಂತು. ಕೇಂಬ್ರಿಜ್‌ನ ಹಾಗೆ ಇಲ್ಲಿಯೂ ಡ್ರಮ್ಮಿನವನೇ ಅಚ್ಚಿನವನು. ಕಾಕತಾಳೀಯ ಇರಲಾರದು. ಒಳ್ಳೆಯ ಗೆರೆ ಬಾರದೆ ಒಳ್ಳೆಯ ಪ್ರಬಂಧ ಬಾರದು. ಒಳ್ಳೆಯ ಪ್ರಬಂಧ ಬಾರದೆ ಪತ್ರಿಕೆ ನಿಲ್ಲದು. ಈ ಸರಪಣಿಯನ್ನು ಎರಡೂ ತುದಿಯಿಂದ ಹಿಡಿಯಬೇಕೆಂದು ಇಬ್ಬರಿಗೂ ಹೊಳೆದಿತ್ತು.

ಪೋರ್ಟರನ ಮೊದಲ ಸಂಪುಟದಲ್ಲೇ ವಾಲ್ಟರ್ ಕ್ಯಾನನ್ ಎಂಬ ಹುಡುಗನ ಪ್ರಬಂಧವಿದೆ. ಎಕ್ಸ್-ರೇ ಕಂಡುಹಿಡಿದು ಇನ್ನೂ ಎರಡು-ಮೂರು ವರ್ಷ. ಬಿಸ್ಮತ್ ಬೆರೆಸಿದ ಆಹಾರವನ್ನು ಬೆಕ್ಕಿಗೆ ತಿನ್ನಿಸಿ, ಹೊಟ್ಟೆ ಅಲೆಅಲೆಯಾಗಿ ಕುಲುಕುವುದನ್ನು ಪರದೆಯ ಮೇಲೆ ನೋಡಿದ. ಬೆಕ್ಕು ರೇಗಿದಾಗ ಅಲೆ ನಿಂತುಬಿಟ್ಟಿತು. ಸಮಾಧಾನವಾದ ಮೇಲೆ ಮತ್ತೆ ಶುರು. ಹೊಟ್ಟೆಯನ್ನು ನೋಡಲು ಹೊರಟವನಿಗೆ ಹೊಟ್ಟೆಯೊಂದನ್ನೇ ನೋಡಲು ಸಾಧ್ಯವಿಲ್ಲ ಎಂದು ಅಲ್ಲೇ ಗೊತ್ತಾಯಿತು. ಸಿಟ್ಟು, ಹಸಿವು, ಚಳಿ, ರಕ್ತದ ಸಕ್ಕರೆ ಎಲ್ಲವನ್ನೂ ದೇಹ ಒಟ್ಟಾಗಿ ತೂಗಿಸಿಕೊಂಡು ಹೋಗುವ ಬಗೆಯನ್ನು ಅವನು 1929ರಲ್ಲಿ 'ಫಿಸಿಯಾಲಜಿಕಲ್ ರಿವ್ಯೂಸ್'ನಲ್ಲಿ ದೀರ್ಘವಾಗಿ ಬರೆದ. ಆ ಬಗೆಗೆ ಅವನಿಟ್ಟ ಹೆಸರು ಹೋಮಿಯೋಸ್ಟೇಸಿಸ್, ಇವತ್ತು ಪಿಯುಸಿ ಪುಸ್ತಕದ ಮಾತು.

ಕ್ಯಾನನ್ ಕೂಡಿಸಿದ ದೇಹವನ್ನು ಪತ್ರಿಕೆಯವರು ಬಿಡಿಸಿ ಹಂಚಿದರು. ಪ್ರಬಂಧಗಳು ಹೆಚ್ಚಾಗಿ ಸಂಪುಟಗಳು ಎತ್ತಲಾರದಷ್ಟು ದಪ್ಪವಾದ್ದರಿಂದ 1977ರ ಸುಮಾರಿಗೆ ಅಮೆರಿಕದ ಆ ಪತ್ರಿಕೆ ಹೋಳಾಯಿತು: ಜೀವಕೋಶಕ್ಕೆ ಒಂದು, ಹೃದಯಕ್ಕೆ ಒಂದು, ಮೂತ್ರಪಿಂಡಕ್ಕೆ ಒಂದು, ಹೀಗೆ. ಯಾವ ಅಂಗಕ್ಕೂ ಸೇರದ, ಎಲ್ಲ ಅಂಗಗಳ ಸಂಬಂಧ ಹೇಳುವ ಕೆಲಸಕ್ಕೆ 'ರೆಗ್ಯುಲೇಟರಿ, ಇಂಟಿಗ್ರೇಟಿವ್ ಅಂಡ್ ಕಂಪ್ಯಾರೆಟಿವ್ ಫಿಸಿಯಾಲಜಿ' ಎಂಬ ಹೋಳು. ಇಡೀ ಶಾಸ್ತ್ರದ ಉಸಿರಾಗಿದ್ದದ್ದು ಅದರ ಒಂದು ವಿಭಾಗವಾಯಿತು. ವ್ಯವಸ್ಥೆಯ ದೃಷ್ಟಿಯಿಂದ ಅನಿವಾರ್ಯ, ಒಪ್ಪುತ್ತೇನೆ. ಆದರೂ ಗ್ರಂಥಾಲಯದಲ್ಲಿ ಹೃದಯದವರು ಹೃದಯದ ಹೋಳನ್ನಷ್ಟೇ ಎತ್ತಿಕೊಂಡು ಹೋಗುವುದನ್ನು ನೋಡಿದಾಗ, ಹಳೆಯ ಒಂದೇ ಸಂಪುಟದಲ್ಲಿ ಮೂತ್ರಪಿಂಡದ ಪುಟ ತಾನಾಗಿ ಕಣ್ಣಿಗೆ ಬೀಳುತ್ತಿದ್ದ ಲಾಭ ಹೋಯಿತಲ್ಲ ಎನಿಸುತ್ತಿತ್ತು.

ಈ ಪತ್ರಿಕೆಗಳು ನಮ್ಮನ್ನು ತಲುಪುತ್ತಿದ್ದ ಬಗೆಯನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ಹಡಗಿನ ಟಪಾಲಿನಲ್ಲಿ ಸಂಚಿಕೆ ಬರಲು ತಿಂಗಳುಗಳು. ಚಂದಾ ಕಟ್ಟಲು ಡಾಲರಿನ ಮಂಜೂರಾತಿ ತಪ್ಪಿದ ವರ್ಷ ಕಪಾಟಿನಲ್ಲಿ ಆ ಸಂಪುಟದ ಜಾಗ ಖಾಲಿ. ಗತಿಯೆಂದರೆ 'ಕರೆಂಟ್ ಕಂಟೆಂಟ್ಸ್' ಎಂಬ ಪುಟ್ಟ ವಾರಪತ್ರಿಕೆ: ಜಗತ್ತಿನ ಪತ್ರಿಕೆಗಳ ಪರಿವಿಡಿಗಳು, ಹಿಂದೆ ಲೇಖಕರ ವಿಳಾಸ. ಬೇಕಾದ ಪ್ರಬಂಧಕ್ಕೆ ಗುರುತು ಹಾಕಿ, ಅಚ್ಚು ಮಾಡಿಸಿಟ್ಟ ಕಾರ್ಡಿನಲ್ಲಿ ಶೀರ್ಷಿಕೆ ತುಂಬಿ ಲೇಖಕನಿಗೇ ಬರೆಯುವುದು. ಕೆಲವು ವಾರಗಳ ಮೇಲೆ ರೀಪ್ರಿಂಟ್ ಬರುತ್ತಿತ್ತು, ಬಿಟ್ಟಿಯಾಗಿ, ಒಮ್ಮೊಮ್ಮೆ ಮೂಲೆಯಲ್ಲಿ ಸಹಿಯೊಂದಿಗೆ. ಪೂರ್ವ ಯುರೋಪಿನಿಂದ ನಮಗೂ ಅಂಥ ಕಾರ್ಡುಗಳು ಬರುತ್ತಿದ್ದವು. ಸ್ಟಾಂಪುಗಳಿಗಾಗಿ ಕ್ಲರ್ಕಿಗೂ ಅಟೆಂಡರಿಗೂ ಜಗಳ.

ನಮ್ಮ ದೇಶದ್ದೇ ಆದ 'ಇಂಡಿಯನ್ ಜರ್ನಲ್ ಆಫ್ ಫಿಸಿಯಾಲಜಿ ಅಂಡ್ ಫಾರ್ಮಕಾಲಜಿ' 1957ರಲ್ಲಿ ಆರಂಭವಾಯಿತು. ಒಳ್ಳೆಯ ಕೆಲಸ ಮಾಡಿದವರು ಹೊರಗೇ ಕಳಿಸುತ್ತಿದ್ದರು, ಅದು ಸಹಜ. ಔತಾರ್ ಪೈಂಟಲ್ ಅವರು ಶ್ವಾಸಕೋಶದ ಜೆ-ಗ್ರಾಹಕಗಳನ್ನು ಮೊದಲು ವರ್ಣಿಸಿದ್ದು 1955ರಲ್ಲಿ ಬ್ರಿಟನ್ನಿನ ತ್ರೈಮಾಸಿಕದಲ್ಲಿ. 1969ರಲ್ಲಿ ಅವುಗಳ ಕೆಲಸದ ಬಗೆಯನ್ನು ವಿವರಿಸಿದ್ದು ಲ್ಯಾಂಗ್ಲಿಯ ಹಳೆಯ ಪತ್ರಿಕೆಯಲ್ಲಿ. ಬಿ.ಕೆ. ಆನಂದ್ ಅವರು ಹಸಿವಿನ ಕೇಂದ್ರವನ್ನು ಮಿದುಳಿನಲ್ಲಿ ಗುರುತಿಸಿದ್ದು 1951ರಲ್ಲಿ, ಯೇಲ್‌ನಲ್ಲಿ ಬ್ರೋಬೆಕ್ ಜೊತೆ.

ಆದರೆ ನನ್ನ ಕಣ್ಣು ಆನಂದರ ಇನ್ನೊಂದು ಪ್ರಬಂಧದ ಮೇಲೆ. 1935ರಲ್ಲಿ ಥೆರೇಸ್ ಬ್ರಾಸ್ ಎಂಬ ಫ್ರೆಂಚ್ ಹೃದ್ರೋಗ ತಜ್ಞೆ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದಿದ್ದರು. ಅವರು ಅಳೆದ ಯೋಗಿಗಳಲ್ಲಿ ತಿರುಮಲೈ ಕೃಷ್ಣಮಾಚಾರ್ಯರೂ ಒಬ್ಬರು. ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು, ಆಗ ಮೈಸೂರು ಅರಮನೆಯ ಯೋಗಶಾಲೆಯ ಗುರುಗಳು. ಹೃದಯದ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಯಿತು, ಅಂದರೆ ಯೋಗಿ ಹೃದಯವನ್ನೇ ನಿಲ್ಲಿಸಬಲ್ಲ ಎಂಬ ಸುದ್ದಿ ಹರಡಿತು. ಗೆರೆ ಕಣ್ಣೆದುರಿಗೇ ಇದೆಯಲ್ಲ! ವೆಂಗರ್, ಬಾಗ್ಚಿ, ಆನಂದ್ ಮೂವರೂ ಇದನ್ನೇ ಮತ್ತೆ ಪರೀಕ್ಷಿಸಿ 1961ರಲ್ಲಿ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಬರೆದರು. ಬ್ರಾಸ್ ಅವರದು ಒಂದೇ ಲೀಡ್‌ನ ಗೆರೆ. ಹಲವು ಲೀಡ್ ಹಾಕಿ ನೋಡಿದರೆ ಹೃದಯ ಬಡಿಯುತ್ತಲೇ ಇದೆ. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಕೈಗೆ ಸಿಗದು. ಸ್ನಾಯುಗಳ ಸದ್ದಿನಲ್ಲಿ ಹೃದಯದ ಸದ್ದು ಕೇಳದು. ಯೋಗಿಗಳು ಸುಳ್ಳು ಹೇಳಿರಲಿಲ್ಲ, ಯಂತ್ರವೂ ಸುಳ್ಳು ಹೇಳಿರಲಿಲ್ಲ. ನೀರು ಎಲ್ಲಿಯದು ಎಂದು ರಿಂಗರ್ ಬರೆದ ಹಾಗೆ, ತಂತಿ ಎಷ್ಟು, ಎಲ್ಲೆಲ್ಲಿ ಅಂಟಿಸಿದ್ದು ಎಂದು ಬರೆದಿಟ್ಟದ್ದರಿಂದಲೇ ಇಪ್ಪತ್ತೈದು ವರ್ಷದ ಮೇಲೂ ಜಗಳ ಬಿಡಿಸಲು ಬಂತು. ಆದರೆ ಹೃದಯ ನಿಲ್ಲಿಸುವ ಯೋಗಿಯ ಕಥೆ ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇದೆ. 1961ರ ಪ್ರಬಂಧ ಓಡಾಡುವುದಿಲ್ಲ.

ಯೋಗದ ಕೆಲಸ ಆಮೇಲೆ ಬೆಂಗಳೂರಿಗೆ ಬಂತು. ಶರ್ಲಿ ಟೆಲ್ಲೆಸ್, ನಾಗರತ್ನ, ನಾಗೇಂದ್ರ ಅವರು ಓಂ ಧ್ಯಾನದ ಕುರಿತು ನಮ್ಮ ದೇಶದ ಆ ಪತ್ರಿಕೆಯಲ್ಲೇ 1995ರಲ್ಲಿ ಬರೆದರು. ಅನುಭವಿ ಸಾಧಕರು ಏಳು ಮಂದಿ. ಪ್ರತಿಯೊಬ್ಬರನ್ನೂ ಎರಡು ಬಗೆಯಲ್ಲಿ ಅಳೆದರು: ಮನಸ್ಸಿನಲ್ಲೇ ಓಂ ಹೇಳಿಕೊಳ್ಳುವಾಗ ಒಮ್ಮೆ, ಸುಮ್ಮನೆ ಕೂತು ಏನೇನೋ ಯೋಚಿಸುವಾಗ ಒಮ್ಮೆ. ಧ್ಯಾನದಲ್ಲಿ ಹೃದಯದ ಬಡಿತ ಇಳಿಯಿತು. ನಿಂತಿತು ಎನ್ನಲಿಲ್ಲ, ಇಳಿಯಿತು ಎಂದರು. ಏಳೇ ಮಂದಿಯೇ ಎಂದು ನಮ್ಮ ವಿಭಾಗದ ಜರ್ನಲ್ ಕ್ಲಬ್ಬಿನಲ್ಲಿ ಸಂಖ್ಯಾಶಾಸ್ತ್ರದವರು ಮೂಗು ಮುರಿದಿದ್ದರು; ಒಬ್ಬರನ್ನೇ ಎರಡೂ ಬಗೆಯಲ್ಲಿ ಹೋಲಿಸಿದ್ದಾರಲ್ಲ ಎಂದು ನಾನು ವಾದಿಸಿದ್ದೆ. ಪುಟ 418ರಿಂದ 420. ಒಟ್ಟು ಮೂರು ಪುಟ. ಲ್ಯಾಂಗ್ಲಿಯ ಕೈಗೆ ಸಿಕ್ಕಿದ್ದರೆ ಎರಡಕ್ಕೆ ಇಳಿಸುತ್ತಿದ್ದ.